ಹಳೇ ಓಮ್ನಿ ಪೆಟ್ರೋಲ್ ಜಾಸ್ತಿ ಕುಡೀತಿದೆಯಾ? ಇಸಿಯು ಟೇಬಲ್‌ಗೆ ಕೈ ಹಾಕಿಸೋ ಮುಂಚೆ ಮೊಬೈಲ್‌ನಲ್ಲಿ ಈ ನಂಬರ್ ನೋಡಿ

ಹಾಲಿನ ಕ್ಯಾನ್, ಸೇವಂತಿಗೆ ಮೂಟೆ, ಟೊಮ್ಯಾಟೊ ಕ್ರೇಟ್, ಗೊಬ್ಬರದ ಚೀಲ, ಸ್ಪ್ರೇಯರ್. ಇವನ್ನೆಲ್ಲ ಹೊತ್ತು ತೋಟದಿಂದ ಮಂಡಿಗೆ, ಮಂಡಿಯಿಂದ ತೋಟಕ್ಕೆ ಓಡಾಡುವ ಹಳೇ ಮಾರುತಿ ಓಮ್ನಿ ಇಲ್ಲದ ಊರು ನಮ್ಮಲ್ಲಿ ಕಡಿಮೆ. 1984ರಲ್ಲಿ ಮಾರುತಿ ವ್ಯಾನ್ ಅಂತ ಬಂದ ಗಾಡಿ ಇದು. 2019ರಲ್ಲಿ ತಯಾರಿಕೆ ನಿಂತಿತು. ಆದರೆ ಅದರ 796 ಸಿಸಿ, ಮೂರು ಸಿಲಿಂಡರ್ ಎಂಜಿನ್ ಇನ್ನೂ ಎಷ್ಟೋ ರೈತರ ಮನೆಯಲ್ಲಿ ದುಡೀತಾನೇ ಇದೆ.

ಇಂಥ ಗಾಡಿ ಇಟ್ಟುಕೊಂಡವರ ಮಾಮೂಲಿ ದೂರು ಒಂದೇ: "ಮೊದಲು ಲೀಟರ್‌ಗೆ 16 ಕೊಡ್ತಿತ್ತು, ಈಗ 13ಕ್ಕೆ ಬಂದಿದೆ. ಏರಿನಲ್ಲಿ ಪಿಕಪ್ಪೂ ಇಲ್ಲ."

ಇದು ಸಣ್ಣ ಮಾತಲ್ಲ. ದಿನಕ್ಕೆ 60 ಕಿ.ಮೀ. ಓಡಿಸುವವರ ಲೆಕ್ಕ ತೆಗೆದುಕೊಳ್ಳಿ. 16ರ ಮೈಲೇಜ್‌ನಲ್ಲಿ 3.75 ಲೀಟರ್ ಬೇಕು, 13ರಲ್ಲಿ 4.6 ಲೀಟರ್. ಪೆಟ್ರೋಲ್ ಲೀಟರ್‌ಗೆ ₹100 ಅಂತ ಹಿಡಿದರೂ ದಿನಕ್ಕೆ ₹85ರ ಮೇಲೆ ಹೆಚ್ಚು ಖರ್ಚು. ವರ್ಷಕ್ಕೆ 300 ದಿನ ಓಡಿಸಿದರೆ ₹25,000 ದಾಟುತ್ತೆ.

ಇಂಥ ಹೊತ್ತಲ್ಲಿ ಯಾರಾದರೂ ಒಬ್ಬರು ಹೇಳೇ ಹೇಳ್ತಾರೆ: "ಇಸಿಯು ರೀಮ್ಯಾಪ್ ಮಾಡಿಸಿಬಿಡಿ, ಫ್ಯುಯಲ್ ಟೇಬಲ್ ಕಮ್ಮಿ ಮಾಡಿಸಿ, ಮೈಲೇಜ್ ತಾನಾಗೇ ಬರುತ್ತೆ." ದುಡ್ಡು ಕೊಡುವ ಮುಂಚೆ ಸ್ವಲ್ಪ ನಿಲ್ಲಿ. ಟೇಬಲ್ ನಿಜವಾಗಲೂ ತಪ್ಪಿದೆಯಾ, ಎಷ್ಟು ತಪ್ಪಿದೆ ಅನ್ನೋದನ್ನ ನಿಮ್ಮ ಎಂಜಿನ್ ಪ್ರತಿ ಕ್ಷಣ ಲೆಕ್ಕ ಬರೆದು ಇಡುತ್ತಿರುತ್ತೆ. ಆ ಲೆಕ್ಕವನ್ನ ನಿಮ್ಮ ಮೊಬೈಲ್‌ನಲ್ಲೇ ಓದಬಹುದು. ಈ ವಾರ ಅದನ್ನ ಓದುವ ರೀತಿ ನೋಡೋಣ.

ಫ್ಯುಯಲ್ ಟೇಬಲ್ ಅಂದ್ರೇನು?

ಡ್ರಿಪ್‌ನಲ್ಲಿ ಗೊಬ್ಬರ ಬಿಡುವ ಚಾರ್ಟ್ ನೆನಪಿಸಿಕೊಳ್ಳಿ. ಬೆಳೆಗೆ ಎಷ್ಟನೇ ವಾರ, ಯಾವ ಹಂತ ಅಂತ ನೋಡಿ ಇಷ್ಟು ಕೆ.ಜಿ. ಬಿಡಿ ಅಂತ ಅದರಲ್ಲಿ ಬರೆದಿರುತ್ತೆ. ಎಂಜಿನ್ ಕಂಪ್ಯೂಟರ್, ಅಂದರೆ ಇಸಿಯು, ಒಳಗೂ ಅಂಥದ್ದೇ ಒಂದು ಚಾರ್ಟ್ ಇದೆ. ಒಂದು ಕಡೆ ಎಂಜಿನ್ ವೇಗ, ಅಂದರೆ ಆರ್‌ಪಿಎಂ. ಇನ್ನೊಂದು ಕಡೆ ಎಂಜಿನ್ ಮೇಲಿರುವ ಹೊರೆ. ಎರಡೂ ಸೇರುವ ಮನೆಯಲ್ಲಿ ಒಂದು ಸಂಖ್ಯೆ. ಅದನ್ನ ನೋಡಿ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕು ಅಂತ ಇಸಿಯು ತೀರ್ಮಾನ ಮಾಡುತ್ತೆ. ಬಿಸಿ ಎಂಜಿನ್ ಐಡಲ್‌ನಲ್ಲಿ ಓಡುವಾಗ ಈ ಹೊತ್ತು ಸಾಮಾನ್ಯವಾಗಿ 2–3 ಮಿಲಿಸೆಕೆಂಡ್ ಅಷ್ಟೇ.

ಹೊರೆ ಎಷ್ಟಿದೆ ಅಂತ ಇಸಿಯುಗೆ ಹೇಗೆ ಗೊತ್ತಾಗುತ್ತೆ? ಓಮ್ನಿ, ಮಾರುತಿ 800, ಹಳೇ ಆಲ್ಟೊ ಇಂಥ ಎಂಪಿಎಫ್‌ಐ ಗಾಡಿಗಳಲ್ಲಿ ಮ್ಯಾಪ್ ಸೆನ್ಸರ್ ಇರುತ್ತೆ. ಎಂಜಿನ್‌ಗೆ ಗಾಳಿ ಹೋಗುವ ಮ್ಯಾನಿಫೋಲ್ಡ್‌ನಲ್ಲಿ ಗಾಳಿಯ ಒತ್ತಡ ಎಷ್ಟಿದೆ ಅಂತ ಅದು ಅಳೆಯುತ್ತೆ. ಐಡಲ್‌ನಲ್ಲಿ ಒತ್ತಡ ಸುಮಾರು 30–40 ಕಿಲೋಪಾಸ್ಕಲ್. ಎಕ್ಸಿಲರೇಟರ್ ಪೂರ್ತಿ ಒತ್ತಿದಾಗ ಹೊರಗಿನ ಗಾಳಿಯ ಒತ್ತಡಕ್ಕೆ ಹತ್ತಿರ ಬರುತ್ತೆ.

ಚಾರ್ಟ್‌ನ ಸಂಖ್ಯೆಗೆ ಇಸಿಯು ಇನ್ನೂ ಕೆಲವು ತಿದ್ದುಪಡಿ ಸೇರಿಸುತ್ತೆ. ಎಂಜಿನ್ ತಣ್ಣಗಿದ್ದರೆ ಪೆಟ್ರೋಲ್ ಜಾಸ್ತಿ. ಒಳಗೆ ಹೋಗುವ ಗಾಳಿ ಬಿಸಿ ಇದ್ದರೆ ಕಮ್ಮಿ. ಬ್ಯಾಟರಿ ವೋಲ್ಟೇಜ್ ಇಳಿದಿದ್ದರೆ ಇಂಜೆಕ್ಟರ್ ನಿಧಾನವಾಗಿ ತೆರೆಯುತ್ತೆ, ಹಾಗಾಗಿ ಇನ್ನೊಂಚೂರು ಹೊತ್ತು.

ಟ್ರಿಮ್: ಎಂಜಿನ್ ಬರೆಯುವ ಕೂಡು–ಕಳೆ ಲೆಕ್ಕ

ಚಾರ್ಟ್ ಪ್ರಕಾರ ಗೊಬ್ಬರ ಬಿಟ್ಟ ಮೇಲೆ ನೀವು ಸುಮ್ಮನಿರುತ್ತೀರಾ? ಎಲೆ ನೋಡ್ತೀರಿ. ಹಳದಿ ಕಂಡರೆ ಸ್ವಲ್ಪ ಏರಿಸ್ತೀರಿ, ಅತಿಯಾಗಿ ಸೊಕ್ಕಿದರೆ ಇಳಿಸ್ತೀರಿ. ಎಂಜಿನ್‌ನಲ್ಲಿ ಎಲೆ ನೋಡುವ ಕೆಲಸ ಮಾಡೋದು ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್. ಹೊಗೆಯಲ್ಲಿ ಆಕ್ಸಿಜನ್ ಉಳಿದಿದ್ದರೆ ಮಿಶ್ರಣ ಲೀನ್, ಅಂದರೆ ಪೆಟ್ರೋಲ್ ಕಮ್ಮಿ. ಆಗ ಸೆನ್ಸರ್ ಸುಮಾರು 0.1 ವೋಲ್ಟ್ ತೋರಿಸುತ್ತೆ. ಆಕ್ಸಿಜನ್ ಉಳಿದಿಲ್ಲದಿದ್ದರೆ ಮಿಶ್ರಣ ರಿಚ್, ಪೆಟ್ರೋಲ್ ಜಾಸ್ತಿ. ಆಗ ಸುಮಾರು 0.9 ವೋಲ್ಟ್.

ಇದನ್ನ ನೋಡಿಕೊಂಡು ಇಸಿಯು ತಕ್ಷಣಕ್ಕೆ ಮಾಡುವ ತಿದ್ದುಪಡಿ ಶಾರ್ಟ್ ಟರ್ಮ್ ಫ್ಯುಯಲ್ ಟ್ರಿಮ್. ದಿನಗಟ್ಟಲೆ ಅದೇ ತಿದ್ದುಪಡಿ ಬೇಕಾಗುತ್ತಿದ್ದರೆ ಅದನ್ನ ಶಾಶ್ವತ ಖಾತೆಗೆ ಬರೆದುಕೊಳ್ಳುತ್ತೆ. ಅದು ಲಾಂಗ್ ಟರ್ಮ್ ಫ್ಯುಯಲ್ ಟ್ರಿಮ್. ಎರಡೂ ಶೇಕಡಾವಾರು ಸಂಖ್ಯೆಗಳು. ಟೇಬಲ್ 100 ಅಂದಿದೆ, ಎಂಜಿನ್‌ಗೆ ನಿಜವಾಗಿ ಬೇಕಾಗಿದ್ದು 108 ಅಂದರೆ ಟ್ರಿಮ್ +8. ಬೇಕಾಗಿದ್ದು 92 ಅಂದರೆ –8.

ಎರಡನ್ನೂ ಕೂಡಿದಾಗ ಬರುವ ಮೊತ್ತವೇ ನಿಮಗೆ ಬೇಕಾದ ಮುಖ್ಯ ನಂಬರ್.

• –5ರಿಂದ +5ರ ಒಳಗೆ: ಚಿಂತೆ ಬೇಡ.
• 5ರಿಂದ 10: ಗಮನ ಇರಲಿ, ತಿಂಗಳಿಗೊಮ್ಮೆ ನೋಡಿ.
• 10 ದಾಟಿದರೆ: ಏನೋ ಕೆಟ್ಟಿದೆ, ಹುಡುಕಬೇಕು.
• 20–25ರ ಹತ್ತಿರ: ಇಸಿಯು ಕೈಚೆಲ್ಲುತ್ತೆ, ಚೆಕ್ ಎಂಜಿನ್ ಲೈಟ್ ಹೊತ್ತಿಸುತ್ತೆ. ಲೀನ್ ಆಗಿದ್ದರೆ ಪಿ 0171, ರಿಚ್ ಆಗಿದ್ದರೆ ಪಿ 0172 ಕೋಡ್ ಬರುತ್ತೆ.

ಇಲ್ಲೊಂದು ಮಾತು ಚೆನ್ನಾಗಿ ನೆನಪಿಡಿ. ಟ್ರಿಮ್ ಸೊನ್ನೆ ಆಸುಪಾಸಿನಲ್ಲೇ ಇದ್ದು ಮೈಲೇಜ್ ಮಾತ್ರ ಬರುತ್ತಿಲ್ಲ ಅಂದರೆ ಟೇಬಲ್ ಸರಿಯಾಗೇ ಇದೆ. ಕಳ್ಳ ಬೇರೆ ಕಡೆ ಇದ್ದಾನೆ: ಟಯರ್ ಗಾಳಿ ಕಮ್ಮಿ, ಬ್ರೇಕ್ ಹಿಡಿದುಕೊಂಡಿರೋದು, ಕ್ಲಚ್ ಜಾರೋದು, ಅತಿಯಾದ ಲೋಡ್. ಜಾಕ್ ಹಾಕಿ ನಾಲ್ಕೂ ಚಕ್ರ ಕೈಯಿಂದ ತಿರುಗಿಸಿ ನೋಡೋದಕ್ಕೆ ಒಂದು ಪೈಸೆ ಖರ್ಚಿಲ್ಲ.

ಏನೇನು ಬೇಕು?

ಒಂದು ಸ್ಮಾರ್ಟ್‌ಫೋನ್, ಒಂದು ಬ್ಲೂಟೂತ್ ಓಬಿಡಿ ಅಡಾಪ್ಟರ್. ಇಎಲ್‌ಎಂ 327 ಅಂತ ಕೇಳಿದರೆ ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತೆ. ಟಾರ್ಕ್, ಕಾರ್ ಸ್ಕ್ಯಾನರ್ ಇಂಥ ಆಪ್‌ಗಳು ಅದರ ಜೊತೆ ಕೆಲಸ ಮಾಡುತ್ತವೆ. ಸ್ಟೀರಿಂಗ್ ಹತ್ತಿರ, ಡ್ಯಾಶ್‌ಬೋರ್ಡ್ ಕೆಳಗಡೆ 16 ಪಿನ್ನಿನ ಸಾಕೆಟ್ ಇರುತ್ತೆ. ಅಡಾಪ್ಟರ್ ಸಿಕ್ಕಿಸಿ, ಕೀ ಆನ್ ಮಾಡಿ, ಫೋನ್‌ಗೆ ಜೋಡಿಸಿ.

ಬಿಎಸ್-4 ಗಾಡಿಗಳಲ್ಲಿ, ಅದರಲ್ಲೂ 2013ರ ಈಚಿನವುಗಳಲ್ಲಿ, ಟ್ರಿಮ್ ಹೆಚ್ಚಾಗಿ ಸಿಗುತ್ತೆ. ಅದಕ್ಕಿಂತ ಹಳೇ ಗಾಡಿಗಳಲ್ಲಿ ಸಾಕೆಟ್ ಇದ್ದರೂ ಸಾಮಾನ್ಯ ಆಪ್‌ಗೆ ಅದರ ಭಾಷೆ ಅರ್ಥ ಆಗದೇ ಇರಬಹುದು. ಆಗ ಆ ಕಂಪನಿ ಗಾಡಿಗಳ ಸ್ಕ್ಯಾನರ್ ಇರುವ ಗ್ಯಾರೇಜಿಗೆ ಹೋಗಿ ಇದೇ ನಂಬರ್‌ಗಳನ್ನ ಕೇಳಿ ಬರೆಸಿಕೊಳ್ಳಿ.

ಮೂರು ಎಚ್ಚರಿಕೆ. ಒಂದು, ಓಡಿಸುತ್ತಾ ಫೋನ್ ನೋಡಬೇಡಿ. ಆಪ್‌ನಲ್ಲಿ ರೆಕಾರ್ಡ್ ಹಾಕಿ ಆಮೇಲೆ ನೋಡಿ, ಇಲ್ಲವೇ ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಳ್ಳಿ. ಎರಡು, ಕೆಲಸ ಮುಗಿದ ಮೇಲೆ ಅಡಾಪ್ಟರ್ ಕಿತ್ತಿಡಿ. ಹಾಗೇ ಬಿಟ್ಟರೆ ಬ್ಯಾಟರಿ ಕುಡಿಯುತ್ತೆ. ಮೂರು, ನಂಬರ್ ಬರೆದುಕೊಳ್ಳುವ ಮುಂಚೆ "ಕ್ಲಿಯರ್ ಕೋಡ್" ಒತ್ತಬೇಡಿ. ಒತ್ತಿದರೆ ಸಾಮಾನ್ಯವಾಗಿ ಟ್ರಿಮ್ ಖಾತೆಯೂ ಅಳಿಸಿಹೋಗುತ್ತೆ.

ಐದು ರೀಡಿಂಗ್ ತೆಗೆಯಿರಿ

1. ಕೀ ಆನ್, ಎಂಜಿನ್ ಆಫ್. ಮ್ಯಾಪ್ ಸೆನ್ಸರ್ ನೋಡಿ. ಅದು ನಿಮ್ಮೂರಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಸಮುದ್ರ ಮಟ್ಟದ ಮಂಗಳೂರಿನಲ್ಲಿ ಸುಮಾರು 101, ಬೆಂಗಳೂರಿನ ಎತ್ತರದಲ್ಲಿ ಸುಮಾರು 91, ಮಡಿಕೇರಿಯಲ್ಲಿ ಸುಮಾರು 88 ಕಿಲೋಪಾಸ್ಕಲ್. ನಾಲ್ಕೈದು ಅಂಕಿ ವ್ಯತ್ಯಾಸ ಬಂದರೆ ಸೆನ್ಸರ್ ಮೇಲೆ ಅನುಮಾನ ಪಡಿ.

2. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಕೂಲಂಟ್ ತಾಪಮಾನ. 15–20 ನಿಮಿಷ ಓಡಿಸಿದ ಮೇಲೆ 80–95 ಡಿಗ್ರಿ ಇರಬೇಕು.

3. ಐಡಲ್‌ನಲ್ಲಿ ಎರಡೂ ಟ್ರಿಮ್. ಎರಡು ನಿಮಿಷ ಬಿಟ್ಟು ಬರೆದುಕೊಳ್ಳಿ.

4. ನಿಂತಲ್ಲೇ 2500 ಆರ್‌ಪಿಎಂ ಹಿಡಿದು ಟ್ರಿಮ್ ಮತ್ತು ಆಕ್ಸಿಜನ್ ಸೆನ್ಸರ್ ವೋಲ್ಟೇಜ್. ವೋಲ್ಟೇಜ್ ಕೆಳಗೆ–ಮೇಲೆ ಚುರುಕಾಗಿ ಕುಣಿಯಬೇಕು. ಹತ್ತು ಸೆಕೆಂಡಿನಲ್ಲಿ ಹಲವು ಸಲ 0.2ರ ಕೆಳಗೆ ಇಳಿದು 0.7ರ ಮೇಲೆ ಏರಬೇಕು.

5. ಲೋಡ್ ಹಾಕಿಕೊಂಡು ಏರಿನಲ್ಲಿ, ಎಕ್ಸಿಲರೇಟರ್ ಪೂರ್ತಿ ಒತ್ತಿದಾಗ ಆಕ್ಸಿಜನ್ ಸೆನ್ಸರ್ ವೋಲ್ಟೇಜ್. ಈ ಹೊತ್ತಲ್ಲಿ ಇಸಿಯು ಟ್ರಿಮ್ ತಿದ್ದುಪಡಿ ನಿಲ್ಲಿಸಿ, ಬೇಕಂತಲೇ ಪೆಟ್ರೋಲ್ ಜಾಸ್ತಿ ಬಿಡುತ್ತೆ. ಆದ್ದರಿಂದ ವೋಲ್ಟೇಜ್ 0.8ರ ಮೇಲೆ ನಿಂತಿರಬೇಕು.

ಐದನೇ ರೀಡಿಂಗ್ ಎಲ್ಲಕ್ಕಿಂತ ಮುಖ್ಯ. ಪೂರ್ತಿ ಹೊರೆಯಲ್ಲಿ ಎಳೆಯುವಾಗ ವೋಲ್ಟೇಜ್ 0.1–0.2ಕ್ಕೆ ಬಿದ್ದರೆ ಎಂಜಿನ್ ಲೀನ್ ಆಗಿ ಓಡ್ತಿದೆ ಅಂತ ಅರ್ಥ. ಆ ಹೆಚ್ಚುವರಿ ಪೆಟ್ರೋಲ್ ಸುಮ್ಮನೆ ಪೋಲಾಗುವಂಥದ್ದಲ್ಲ, ದಹನದ ಬಿಸಿಯನ್ನ ಹದ್ದುಬಸ್ತಿನಲ್ಲಿ ಇಡೋದೇ ಅದು. ಅದು ಸಿಗದಿದ್ದರೆ ಎಂಜಿನ್ ಟಕಟಕ ನಾಕ್ ಆಗುತ್ತೆ, ಎಕ್ಸಾಸ್ಟ್ ವಾಲ್ವ್ ಸುಡುತ್ತೆ, ಕೊನೆಗೆ ಪಿಸ್ಟನ್ನೂ ಹೋಗಬಹುದು. ಹಾಗಿರುವಾಗ ಲೋಡ್ ಹಾಕಿ ಘಾಟಿ ಹತ್ತಿಸಬೇಡಿ, ಮೊದಲು ಪೆಟ್ರೋಲ್ ಸಪ್ಲೈ ನೋಡಿಸಿ.

ರೀಡಿಂಗ್ ಏನು ಹೇಳುತ್ತೆ?

ಕೂಲಂಟ್ 60–65 ಡಿಗ್ರಿಯಲ್ಲೇ ನಿಂತಿದೆ. ಥರ್ಮೋಸ್ಟಾಟ್ ತೆರೆದೇ ನಿಂತಿದೆ, ಇಲ್ಲವೇ ಯಾರೋ ಕಿತ್ತು ಹಾಕಿದ್ದಾರೆ. "ನಮ್ಮ ಕಡೆ ಬಿಸಿಲು ಜಾಸ್ತಿ, ಥರ್ಮೋಸ್ಟಾಟ್ ಯಾಕೆ?" ಅಂತ ತೆಗೆದುಹಾಕುವ ಅಭ್ಯಾಸ ನಮ್ಮಲ್ಲಿ ಬಹಳ ಇದೆ. ಎಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಇಸಿಯು ದಾರಿಯುದ್ದಕ್ಕೂ ಹೆಚ್ಚಿಗೆ ಪೆಟ್ರೋಲ್ ಬಿಡ್ತಾ ಹೋಗಬಹುದು. ಟೇಬಲ್ ಕಮ್ಮಿ ಮಾಡಿಸೋದಕ್ಕೆ ಸಾವಿರಾರು ರೂಪಾಯಿ ಕೊಡುವ ಬದಲು ಹೊಸ ಥರ್ಮೋಸ್ಟಾಟ್ ಹಾಕಿಸಿ.

ಐಡಲ್‌ನಲ್ಲಿ ಟ್ರಿಮ್ +12, 2500ರಲ್ಲಿ +3. ಏರ್ ಲೀಕ್‌ನ ಲಕ್ಷಣ. ಇಂಟೇಕ್ ಗ್ಯಾಸ್ಕೆಟ್, ಬ್ರೇಕ್ ಬೂಸ್ಟರ್ ಇರುವ ಮಾಡೆಲ್ ಆದರೆ ಅದರ ಹೋಸ್, ಒಡೆದ ಸಣ್ಣ ರಬ್ಬರ್ ಪೈಪುಗಳನ್ನ ನೋಡಿ. ಮ್ಯಾಪ್ ಸೆನ್ಸರ್ ಇರುವ ಗಾಡಿಯಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಗಾಳಿ ಕಳ್ಳದಾರಿಯಲ್ಲಿ ನುಗ್ಗಿದರೆ ಮ್ಯಾನಿಫೋಲ್ಡ್ ಒತ್ತಡವೂ ಏರುತ್ತೆ, ಅದಕ್ಕೆ ತಕ್ಕಂತೆ ಪೆಟ್ರೋಲೂ ಹೋಗುತ್ತೆ. ಹಾಗಾಗಿ ಟ್ರಿಮ್ ಅಷ್ಟಾಗಿ ಏರದೆ, ಐಡಲ್ ಮಾತ್ರ ಮೇಲಕ್ಕೆ ಹೋಗಿ ನಿಲ್ಲಬಹುದು. ಐಡಲ್ ಇಳೀತಾನೇ ಇಲ್ಲ ಅಂದರೂ ಏರ್ ಲೀಕ್ ಹುಡುಕಿ.

ಐಡಲ್ ಸರಿ ಇದೆ, ಹೊರೆ ಹೆಚ್ಚಿದಂತೆ ಟ್ರಿಮ್ +10, +15 ಅಂತ ಏರುತ್ತೆ. ಪೆಟ್ರೋಲ್ ಸಾಲದು. ಫಿಲ್ಟರ್ ಕಟ್ಟಿದೆ, ಪಂಪ್ ಸೋತಿದೆ, ಇಲ್ಲವೇ ಇಂಜೆಕ್ಟರ್‌ನಲ್ಲಿ ಕೊಳೆ ಕೂತಿದೆ. ಮೆಕ್ಯಾನಿಕ್ ಹತ್ತಿರ ಫ್ಯುಯಲ್ ಪ್ರೆಶರ್ ಗೇಜ್ ಹಾಕಿಸಿ ನೋಡಿ. ಈ ಲೈನ್‌ನಲ್ಲಿ ಒತ್ತಡದ ಪೆಟ್ರೋಲ್ ಇರುತ್ತೆ. ಮನೆಯಲ್ಲಿ ಪೈಪ್ ಬಿಚ್ಚುವ ಸಾಹಸ ಬೇಡ.

ಟ್ರಿಮ್ –10, –15. ಪೆಟ್ರೋಲ್ ಬೇಡದ ಕಡೆಯಿಂದ ಬರುತ್ತಿದೆ. ಇಂಜೆಕ್ಟರ್ ಸೋರೋದು, ಪ್ರೆಶರ್ ರೆಗ್ಯುಲೇಟರ್ ಕೆಟ್ಟಿರೋದು, ಟ್ಯಾಂಕಿನ ಆವಿ ತರುವ ಪರ್ಜ್ ವಾಲ್ವ್ ತೆರೆದೇ ಇರೋದು, ಮ್ಯಾಪ್ ಸೆನ್ಸರ್ ಅಥವಾ ಅದರ ಪೈಪ್ ಕೆಟ್ಟು ಒತ್ತಡ ಜಾಸ್ತಿ ತೋರಿಸೋದು. ಒಂದನೇ ರೀಡಿಂಗ್ ಇಲ್ಲಿ ಉಪಯೋಗಕ್ಕೆ ಬರುತ್ತೆ.

ಎಲ್ಲ ಕಡೆ ಪ್ಲಸ್, ಜೊತೆಗೆ ಎಂಜಿನ್ ಕುಂಟುತ್ತೆ. ಮೂರರಲ್ಲಿ ಒಂದು ಸಿಲಿಂಡರ್ ಮಿಸ್ ಹೊಡೀತಿರಬಹುದು. ಉರಿಯದ ಗಾಳಿ ಹಾಗೇ ಸೈಲೆನ್ಸರ್‌ಗೆ ಹೋಗುತ್ತೆ. ಆಕ್ಸಿಜನ್ ಸೆನ್ಸರ್ ಅದನ್ನ ನೋಡಿ "ಲೀನ್" ಅನ್ನುತ್ತೆ, ಇಸಿಯು ಪೆಟ್ರೋಲ್ ಏರಿಸುತ್ತೆ. ತಪ್ಪು ಪ್ಲಗ್‌ನದ್ದು ಅಥವಾ ಪ್ಲಗ್ ವೈರ್‌ನದ್ದು, ದಂಡ ಟ್ಯಾಂಕಿಗೆ. ಸೆನ್ಸರ್‌ಗಿಂತ ಮುಂಚೆ ಸೈಲೆನ್ಸರ್ ಪೈಪ್ ಸೀಳಿದ್ದರೂ ಹೊರಗಿನ ಗಾಳಿ ಸೇರಿ ಇದೇ ರೀತಿ ಸುಳ್ಳು ಲೀನ್ ಬರುತ್ತೆ.

ಆಕ್ಸಿಜನ್ ವೋಲ್ಟೇಜ್ ಕುಣಿಯುತ್ತಲೇ ಇಲ್ಲ. ಸೆನ್ಸರ್‌ಗೆ ವಯಸ್ಸಾಗಿದೆ, ಇಲ್ಲವೇ ವೈರಿಂಗ್ ಹೋಗಿದೆ. ಎಲೆ ನೋಡುವವನಿಗೇ ಕಣ್ಣು ಮಂಜಾದರೆ ಅವನು ಹೇಳುವ ಲೆಕ್ಕ ನಂಬೋದು ಹೇಗೆ? ಮೊದಲು ಇದನ್ನ ಸರಿ ಮಾಡಿಸಿ, ಆಮೇಲೆ ಟ್ರಿಮ್ ಓದಿ.

ಈಗ ಡ್ರಿಪ್ ವಿಷಯಕ್ಕೇ ವಾಪಸ್ ಬನ್ನಿ. ಫಿಲ್ಟರ್ ಕಟ್ಟಿಕೊಂಡು ಗಿಡಕ್ಕೆ ಗೊಬ್ಬರ ಸಾಲುತ್ತಿಲ್ಲ ಅಂತ ಚಾರ್ಟ್‌ನಲ್ಲೇ ಪ್ರಮಾಣ ಹೆಚ್ಚಿಸಿದರೆ ಏನಾಗುತ್ತೆ? ಫಿಲ್ಟರ್ ತೊಳೆದ ದಿನ ಬೇರು ಸುಡುತ್ತೆ. ಎಂಜಿನ್‌ನಲ್ಲೂ ಅಷ್ಟೇ. ಕೆಟ್ಟ ಥರ್ಮೋಸ್ಟಾಟ್‌ನ ಮೇಲೆ ಟೇಬಲ್ ಕಮ್ಮಿ ಮಾಡಿಸಿ, ಆರು ತಿಂಗಳ ನಂತರ ಥರ್ಮೋಸ್ಟಾಟ್ ಬದಲಿಸಿದರೆ ಗಾಡಿ ಪೂರ್ತಿ ಹೊರೆಯಲ್ಲಿ ಲೀನ್ ಓಡುತ್ತೆ. ಆಗ ಸುಡೋದು ವಾಲ್ವ್.

ಇ20 ಪೆಟ್ರೋಲ್‌ನ ಪಾಲು ಎಷ್ಟು?

"ಎಲ್ಲ ಸರಿ ಇದೆ, ಆದರೂ ಟ್ರಿಮ್ ಎಲ್ಲ ಕಡೆ +5, +6 ಇದೆ" ಅಂದರೆ ಬಹುಶಃ ಅದು ಎಥೆನಾಲ್. ಮಂಡ್ಯ, ಬೆಳಗಾವಿ, ಬಾಗಲಕೋಟೆಯ ಕಬ್ಬು, ದಾವಣಗೆರೆ, ಹಾವೇರಿಯ ಮೆಕ್ಕೆಜೋಳಕ್ಕೆ ಹೊಸ ಬೇಡಿಕೆ ತಂದ ಅದೇ ಎಥೆನಾಲ್ ಈಗ ನಮ್ಮ ಗಾಡಿಯ ಟ್ಯಾಂಕಿಗೂ ಬಂದಿದೆ. ದೇಶದಲ್ಲಿ 2022ರಲ್ಲಿ ಮಿಶ್ರಣ ಸರಾಸರಿ 10% ಮುಟ್ಟಿತು, 2025ರಲ್ಲಿ 20%.

ಎಥೆನಾಲ್‌ನ ಒಳಗೇ ಆಕ್ಸಿಜನ್ ಇದೆ. ಹಾಗಾಗಿ ಅದು ಉರಿಯೋದಕ್ಕೆ ಗಾಳಿ ಕಡಿಮೆ ಸಾಕು. ಬರೀ ಪೆಟ್ರೋಲ್‌ಗೆ 1 ಕೆ.ಜಿ.ಗೆ ಸುಮಾರು 14.7 ಕೆ.ಜಿ. ಗಾಳಿ ಬೇಕು, 10% ಮಿಶ್ರಣಕ್ಕೆ ಸುಮಾರು 14.1, 20% ಮಿಶ್ರಣಕ್ಕೆ ಸುಮಾರು 13.5. ಅಂದರೆ ಅಷ್ಟೇ ಗಾಳಿಗೆ ಈಗ ಹೆಚ್ಚು ಇಂಧನ ಬಿಡಬೇಕು. ಹಳೇ ಟೇಬಲ್‌ಗೆ ಇದು ಗೊತ್ತಿಲ್ಲ. ಆಕ್ಸಿಜನ್ ಸೆನ್ಸರ್ ನೋಡಿ ಇಸಿಯು ತಾನೇ ತಿದ್ದಿಕೊಳ್ಳುತ್ತೆ. ಟೇಬಲ್ ಯಾವ ಪೆಟ್ರೋಲ್‌ಗೆ ಬರೆದದ್ದು ಅನ್ನೋದರ ಮೇಲೆ ಟ್ರಿಮ್ ಅಂದಾಜು +4ರಿಂದ +8 ಬರೋದು ಸಹಜ. ಇದು ಇಸಿಯು ಸುಲಭವಾಗಿ ನಿಭಾಯಿಸುವ ಮಟ್ಟ.

ಮೈಲೇಜ್ ಇಳಿಯೋದು ಮಾತ್ರ ನಿಜ. ಲೀಟರ್ ಎಥೆನಾಲ್‌ನಲ್ಲಿ ಇರುವ ಶಕ್ತಿ ಪೆಟ್ರೋಲ್‌ನ ಮೂರರಲ್ಲಿ ಎರಡು ಪಾಲು ಮಾತ್ರ. ನೀತಿ ಆಯೋಗದ 2021ರ ವರದಿಯೇ ಹಳೇ ವಿನ್ಯಾಸದ ನಾಲ್ಕು ಚಕ್ರದ ಗಾಡಿಗಳಲ್ಲಿ 6–7% ಮೈಲೇಜ್ ಇಳಿಯಬಹುದು ಅಂತ ಅಂದಾಜು ಮಾಡಿತ್ತು. 16ರ ಗಾಡಿಗೆ ಅದು ಸುಮಾರು 1 ಕಿ.ಮೀ. ಇದನ್ನ ಯಾವ ಟೇಬಲ್ ಟ್ಯೂನಿಂಗೂ ವಾಪಸ್ ತರಲ್ಲ, ಯಾಕಂದ್ರೆ ಶಕ್ತಿ ಕಮ್ಮಿ ಇರೋದು ಇಂಧನದಲ್ಲೇ. ಆದರೆ 16 ಇದ್ದದ್ದು 13ಕ್ಕೆ ಬಂದಿದ್ದರೆ ಅದು 19% ಇಳಿಕೆ. ಮೂರು ಕಿ.ಮೀ.ನಲ್ಲಿ ಒಂದನ್ನ ಎಥೆನಾಲ್ ಲೆಕ್ಕಕ್ಕೆ ಹಾಕಿ, ಉಳಿದ ಎರಡನ್ನ ಮೇಲಿನ ಪಟ್ಟಿಯಲ್ಲಿ ಹುಡುಕಿ.

ಹಳೇ ಗಾಡಿಯವರು ಇನ್ನೆರಡು ಮಾತು ಗಮನಿಸಿ. ಎಥೆನಾಲ್ ಹಳೇ ಟ್ಯಾಂಕಿನ ಕೊಳೆಯನ್ನ ಕರಗಿಸಿ ಫಿಲ್ಟರ್‌ಗೆ ತರಬಹುದು, ಹಳೇ ರಬ್ಬರ್ ಪೈಪುಗಳನ್ನ ಹಾಳು ಮಾಡಬಹುದು. ವರ್ಷಕ್ಕೊಮ್ಮೆ ಪೈಪ್ ಬೆರಳಿನಿಂದ ಒತ್ತಿ ನೋಡಿ. ಬಿರುಕು, ಮೆತ್ತಗಾಗಿರೋದು, ಪೆಟ್ರೋಲ್ ವಾಸನೆ, ಯಾವುದು ಕಂಡರೂ ಬದಲಿಸಿ. ಎಥೆನಾಲ್ ನೀರನ್ನೂ ಎಳೆದುಕೊಳ್ಳುತ್ತೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಗಾಡಿ ನಿಲ್ಲಿಸೋದಿದ್ದರೆ ಟ್ಯಾಂಕಿನ ಮುಚ್ಚಳ ಭದ್ರವಾಗಿದೆಯಾ ನೋಡಿಕೊಳ್ಳಿ.

ಹಾಗಾದರೆ ಟೇಬಲ್ ಯಾವಾಗ ತಿದ್ದಬೇಕು?

ಮುಖ್ಯವಾಗಿ ಎರಡು ಸಂದರ್ಭ. ಎಲ್‌ಪಿಜಿ ಅಥವಾ ಸಿಎನ್‌ಜಿ ಕಿಟ್ ಹಾಕಿಸಿದಾಗ. ಇಂಜೆಕ್ಟರ್, ಎಂಜಿನ್ ಅಥವಾ ಇಸಿಯುವನ್ನೇ ಬೇರೆ ತರಹದ್ದಕ್ಕೆ ಬದಲಿಸಿದಾಗ.

ಗ್ಯಾಸ್ ಕಿಟ್ ಮೊದಲು ನೋಡೋಣ, ರೈತರಿಗೆ ಹೆಚ್ಚು ಎದುರಾಗೋದು ಅದೇ. ಸೀಕ್ವೆನ್ಶಿಯಲ್ ಕಿಟ್‌ಗೆ ಅದರದ್ದೇ ಒಂದು ಸಣ್ಣ ಇಸಿಯು, ಅದರದ್ದೇ ಟೇಬಲ್ ಇರುತ್ತೆ. ಪೆಟ್ರೋಲ್ ಇಸಿಯು "ಇಷ್ಟು ಮಿಲಿಸೆಕೆಂಡ್" ಅಂದದ್ದನ್ನ ಒಂದು ಗುಣಕದಿಂದ ಗುಣಿಸಿ ಗ್ಯಾಸ್ ಇಂಜೆಕ್ಟರ್ ತೆರೆಯುತ್ತೆ. ಈ ಗುಣಕ ತಪ್ಪಿದ್ದರೆ ಪೆಟ್ರೋಲ್ ಇಸಿಯು ಆ ತಪ್ಪನ್ನ ತನ್ನ ಟ್ರಿಮ್ ಖಾತೆಗೆ ಬರೆದುಕೊಳ್ಳುತ್ತೆ. ಆಮೇಲೆ ಪೆಟ್ರೋಲ್‌ಗೆ ಹಾಕಿದಾಗಲೂ ಗಾಡಿ ಸರಿಯಾಗಿ ಓಡಲ್ಲ. "ಗ್ಯಾಸ್‌ನಲ್ಲಿ ಪರವಾಗಿಲ್ಲ, ಪೆಟ್ರೋಲ್‌ಗೆ ಹಾಕಿದರೆ ಗುಕ್ ಗುಕ್ ಅನ್ನುತ್ತೆ" ಅನ್ನುವ ದೂರಿಗೆ ಎಷ್ಟೋ ಸಲ ಇದೇ ಕಾರಣ.

ತಿದ್ದುವ ಕ್ರಮ ಹೀಗಿದೆ. ಮೊದಲು ಪೆಟ್ರೋಲ್‌ನಲ್ಲಿ ಗಾಡಿ ಸರಿ ಇರಬೇಕು. ಗ್ಯಾಸ್ ಫಿಲ್ಟರ್ ಹೊಸದಿರಬೇಕು, ರೆಡ್ಯೂಸರ್ ಬಿಸಿಯಾಗಿರಬೇಕು. ಸಮತಟ್ಟು ರಸ್ತೆಯಲ್ಲಿ ಒಂದೇ ವೇಗದಲ್ಲಿ ಪೆಟ್ರೋಲ್‌ನಲ್ಲಿ ಓಡಿಸಿ ಇಂಜೆಕ್ಷನ್ ಸಮಯ ಬರೆದುಕೊಳ್ಳಬೇಕು. 4.0 ಮಿಲಿಸೆಕೆಂಡ್ ಅಂತಿಟ್ಟುಕೊಳ್ಳಿ. ಅದೇ ರಸ್ತೆ, ಅದೇ ವೇಗ, ಈಗ ಗ್ಯಾಸ್. ಪೆಟ್ರೋಲ್ ಇಸಿಯು ಕೇಳುವ ಸಮಯ 4.6ಕ್ಕೆ ಏರಿದರೆ ಗ್ಯಾಸ್ ಲೀನ್ ಇದೆ. 4.6ನ್ನ 4.0ರಿಂದ ಭಾಗಿಸಿದರೆ 1.15. ಆ ಮನೆಯ ಗುಣಕವನ್ನ 15% ಏರಿಸಬೇಕು. ಸಮಯ 3.6ಕ್ಕೆ ಇಳಿದರೆ ಗ್ಯಾಸ್ ರಿಚ್, 10% ಇಳಿಸಬೇಕು. ಬೇರೆ ಬೇರೆ ವೇಗ, ಹೊರೆಯಲ್ಲಿ ಇದೇ ಲೆಕ್ಕ ಮಾಡಿ ಎರಡೂ ಸಮಯ ಹೊಂದುವವರೆಗೆ ತಿದ್ದಬೇಕು. ಕಿಟ್ ಹಾಕಿದವರು ಲ್ಯಾಪ್‌ಟಾಪ್ ಜೋಡಿಸಿ ಬರೀ ನಿಂತಲ್ಲೇ ಎಂಜಿನ್ ರೇಸ್ ಮಾಡಿ ಕೊಟ್ಟಿದ್ದರೆ ಕೆಲಸ ಅರ್ಧ ಆಗಿದೆ. ರಸ್ತೆಗೆ ಕರೆದುಕೊಂಡು ಹೋಗಿ ಅಂತ ಕೇಳಿ. ಮತ್ತೊಂದು ಮಾತು: ಅಡುಗೆ ಸಿಲಿಂಡರ್‌ನ ಗ್ಯಾಸನ್ನ ಗಾಡಿಗೆ ಬಳಸೋದು ಕಾನೂನುಬಾಹಿರ, ಜೀವಕ್ಕೂ ಅಪಾಯ. ಅದರ ಹತ್ತಿರ ಹೋಗಲೇಬೇಡಿ.

ಇನ್ನು ಪೆಟ್ರೋಲ್ ಟೇಬಲ್‌ನೇ ತಿದ್ದಬೇಕಾದರೆ ಗಾಡಿಯಲ್ಲಿರುವ ಸಾದಾ ಆಕ್ಸಿಜನ್ ಸೆನ್ಸರ್ ಸಾಲದು. ಅದಕ್ಕೆ ಲೀನ್, ರಿಚ್ ಅನ್ನೋದಷ್ಟೇ ಗೊತ್ತು, ಎಷ್ಟು ಅಂತ ಗೊತ್ತಿಲ್ಲ. ವೈಡ್‌ಬ್ಯಾಂಡ್ ಸೆನ್ಸರ್ ಬೇಕು. ಅದು ಲ್ಯಾಂಬ್ಡಾ ಅನ್ನುವ ಸಂಖ್ಯೆ ತೋರಿಸುತ್ತೆ. 1.00 ಅಂದರೆ ಹದ. 1ಕ್ಕಿಂತ ಮೇಲೆ ಲೀನ್, ಕೆಳಗೆ ರಿಚ್. ಹೊಸ ಸಂಖ್ಯೆಯ ಲೆಕ್ಕ ಸುಲಭ: ಹಳೇ ಸಂಖ್ಯೆಯನ್ನ ಅಳತೆಯಲ್ಲಿ ಬಂದ ಲ್ಯಾಂಬ್ಡಾದಿಂದ ಗುಣಿಸಿ, ಬೇಕಾದ ಲ್ಯಾಂಬ್ಡಾದಿಂದ ಭಾಗಿಸಿ. ಮನೆಯಲ್ಲಿ 60 ಇದೆ, ಅಳತೆ 1.05, ಬೇಕಾದ್ದು 1.00 ಅಂದರೆ ಹೊಸದು 63.

ಕ್ರಮವೂ ಮುಖ್ಯ. ಅಳೆಯುವಾಗ ಟ್ರಿಮ್ ತಿದ್ದುಪಡಿ ನಿಲ್ಲಿಸಿರಬೇಕು, ಇಲ್ಲದಿದ್ದರೆ ಟೇಬಲ್‌ನ ತಪ್ಪನ್ನ ಅದು ಮುಚ್ಚಿಹಾಕುತ್ತೆ. ಮೊದಲು ದಿನನಿತ್ಯ ಓಡಾಡುವ ಮಧ್ಯಮ ವೇಗದ ಮನೆಗಳು, ಆಮೇಲೆ ಐಡಲ್, ಎಲ್ಲಕ್ಕಿಂತ ಕೊನೆಗೆ ಪೂರ್ತಿ ಹೊರೆ. ಪಕ್ಕಪಕ್ಕದ ಮನೆಗಳ ನಡುವೆ ದಿಢೀರ್ ಏರುಪೇರು ಇರಬಾರದು, ಇದ್ದರೆ ಗಾಡಿ ಜಗ್ಗುತ್ತೆ. ಪೂರ್ತಿ ಹೊರೆಯಲ್ಲಿ ಲ್ಯಾಂಬ್ಡಾ 0.86ರ ಆಸುಪಾಸು ಇಟ್ಟು ಎಂಜಿನ್ ಕಾಪಾಡೋದು ವಾಡಿಕೆ. "ಮೈಲೇಜ್‌ಗೋಸ್ಕರ ಅಲ್ಲೂ ಕಮ್ಮಿ ಮಾಡ್ತೀನಿ" ಅನ್ನುವವರಿಂದ ಗಾಡಿ ವಾಪಸ್ ತನ್ನಿ. ದಿನದ ಓಟದಲ್ಲಿ ಪೂರ್ತಿ ಹೊರೆಯ ಹೊತ್ತು ಸ್ವಲ್ಪವೇ, ಅಲ್ಲಿ ಉಳಿಯುವ ಪೆಟ್ರೋಲೂ ಸ್ವಲ್ಪವೇ, ಹೋಗೋದು ಮಾತ್ರ ಇಡೀ ಎಂಜಿನ್.

ಗ್ಯಾರೇಜಿನಲ್ಲಿ ಕೇಳಬೇಕಾದ ನಾಲ್ಕು ಪ್ರಶ್ನೆ

1. ಈಗ ನನ್ನ ಗಾಡಿಯ ಟ್ರಿಮ್ ಎಷ್ಟಿದೆ, ತೋರಿಸ್ತೀರಾ?
2. ಮೂಲ ಫೈಲ್ ಓದಿ ಒಂದು ಕಾಪಿ ನನಗೆ ಕೊಡ್ತೀರಾ?
3. ವೈಡ್‌ಬ್ಯಾಂಡ್ ಸೆನ್ಸರ್ ಹಾಕಿ ರಸ್ತೆಯಲ್ಲಿ ಓಡಿಸಿ ಅಳೀತೀರಾ?
4. ಯಾವ ಮನೆಗಳನ್ನ ಎಷ್ಟು ಬದಲಿಸಿದ್ದೀರಿ, ಬರೆದು ಕೊಡ್ತೀರಾ?

ನಾಲ್ಕಕ್ಕೂ ಸರಿಯಾದ ಉತ್ತರ ಬರದಿದ್ದರೆ ಅವರು ಇಂಟರ್‌ನೆಟ್‌ನಲ್ಲಿ ಸಿಕ್ಕ ಯಾವುದೋ ಫೈಲ್ ನಿಮ್ಮ ಗಾಡಿಗೆ ಹಾಕುವ ಸಾಧ್ಯತೆ ಇದೆ. ಓಬಿಡಿ ಸಾಕೆಟ್‌ಗೆ ಸಿಕ್ಕಿಸಿದರೆ ಸಾಕು, ಮೈಲೇಜ್ ತಾನಾಗೇ ಏರುತ್ತೆ ಅನ್ನುವ ಮಿಣುಕು ದೀಪದ ಡಬ್ಬಿಗಳಿಗಂತೂ ದುಡ್ಡು ಹಾಕಲೇಬೇಡಿ. ಅಂಥವನ್ನ ಬಿಚ್ಚಿ ನೋಡಿದವರಿಗೆ ಒಳಗೆ ಸಿಕ್ಕಿದ್ದು ದೀಪ ಮಿಣುಕಿಸುವ ಸರ್ಕ್ಯೂಟ್ ಅಷ್ಟೇ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. ಗ್ಯಾಸ್ ಕಿಟ್ ಆದರೆ ಅನುಮೋದಿತ ಕಿಟ್ ಹಾಕಿಸಿ, ಆರ್‌ಟಿಒದಲ್ಲಿ ಆರ್‌ಸಿಗೆ ಸೇರಿಸಬೇಕು. ಸೇರಿಸದೆ ಓಡಿಸಿದರೆ ಅಪಘಾತದ ಹೊತ್ತಲ್ಲಿ ವಿಮೆ ಕ್ಲೇಮ್‌ಗೆ ತೊಂದರೆ ಬರಬಹುದು. ಹೊಗೆ ತಪಾಸಣೆ ಹೇಗೂ ಮಾಡಿಸ್ತೀರಲ್ಲ, ಆ ಚೀಟಿಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅಂಕಿಯನ್ನ ಬಿಸಾಡಬೇಡಿ. ಅದು ಕಳೆದ ಸಲಕ್ಕಿಂತ ಏರಿದ್ದರೆ ಮಿಶ್ರಣ ರಿಚ್ ಆಗ್ತಿದೆ ಅನ್ನೋದಕ್ಕೆ ಅದೂ ಒಂದು ಸುಳಿವು.

ಈ ವಾರ ಮಾಡಬೇಕಾದ್ದು ಇಷ್ಟೇ. ಅಡಾಪ್ಟರ್ ಒಂದನ್ನ ಊರಿನ ನಾಲ್ಕೈದು ಜನ ಗೆಳೆಯರು ಸೇರಿ ತಗೊಂಡರೂ ಸಾಕು. ಐದು ರೀಡಿಂಗ್ ತೆಗೆದು ಫೋನ್‌ನ ನೋಟ್ಸ್‌ನಲ್ಲಿ ತಾರೀಖು, ಕಿ.ಮೀ. ಸಮೇತ ಬರೆದಿಡಿ. ಟ್ಯಾಂಕ್ ಫುಲ್ ಮಾಡಿಸಿ, ಓಡಿಸಿ, ಮತ್ತೆ ಫುಲ್ ಮಾಡಿಸಿ ನಿಜವಾದ ಮೈಲೇಜ್ ಲೆಕ್ಕ ಹಾಕಿ. ತಿಂಗಳಿಗೊಮ್ಮೆ ಇದೇ ಕೆಲಸ ಮಾಡಿದರೆ ಮೂರನೇ ತಿಂಗಳಿಗೆ ನಿಮ್ಮ ಗಾಡಿಯ ಗುಣ ನಿಮಗೆ ಗೊತ್ತಾಗಿರುತ್ತೆ. ಸುಗ್ಗಿ ಹೊತ್ತಲ್ಲಿ, ಕ್ರೇಟ್ ತುಂಬಿಕೊಂಡು ಬೆಳಗಿನ ಜಾವ ಮಂಡಿಗೆ ಹೊರಟಾಗ ಗಾಡಿ ಕೈಕೊಡೋದಕ್ಕಿಂತ, ಈಗಲೇ ₹300ರ ಫಿಲ್ಟರ್ ಬದಲಿಸೋದು ಲಾಭ.